ವೀಲ್‌ಚೇರ್‌ನಲ್ಲಿ ಅಲಾಸ್ಕಾ: ಹಡಗು ಸುಲಭ, ಇಳಿದ ಮೇಲಿನ ಕಥೆ ಕೇಳಿ

ಈ ಸಲ ಬಂದ ಪತ್ರಗಳಲ್ಲಿ ವೀಲ್‌ಚೇರ್ ಪ್ರವಾಸದ ಪ್ರಶ್ನೆಗಳೇ ಜಾಸ್ತಿ. ನಾನೂ ನನ್ನ ಹೆಂಡತಿಯೂ ಇಬ್ಬರೂ ವೀಲ್‌ಚೇರ್‌ನಲ್ಲೇ ಓಡಾಡುವವರು. ಅಲಾಸ್ಕಾವನ್ನು ಹಡಗಿನಲ್ಲೂ ನೋಡಿದ್ದೇವೆ, ರೈಲು ಬಸ್ಸಿನಲ್ಲೂ ಸುತ್ತಿದ್ದೇವೆ. ಹಾಗಾಗಿ ಕೇಳಿದ್ದಕ್ಕೆಲ್ಲ ನೇರವಾಗಿಯೇ ಹೇಳುತ್ತೇನೆ.

ಪ್ರಶ್ನೆ: ನನ್ನದು ಬ್ಯಾಟರಿ ಕುರ್ಚಿ, ನನ್ನ ಹೆಂಡತಿಯದು ಕೈಯಲ್ಲಿ ತಳ್ಳಿಕೊಳ್ಳುವ ಕುರ್ಚಿ. ಅಲಾಸ್ಕಾದಲ್ಲಿ ಏಳು ದಿನ ಕ್ರೂಸ್, ಐದು ದಿನ ನೆಲದ ಮೇಲೆ ಸುತ್ತಾಟ, ಹೀಗೆ ಯೋಚಿಸಿದ್ದೇವೆ. ಏಜೆಂಟ್ "ಎಲ್ಲಾ ಆಕ್ಸೆಸಿಬಲ್, ಚಿಂತೆ ಬಿಡಿ" ಅನ್ನುತ್ತಾರೆ. ನಂಬಬಹುದಾ?

ಏಜೆಂಟ್ ಸುಳ್ಳು ಹೇಳುತ್ತಿಲ್ಲ. ಆಕ್ಸೆಸಿಬಲ್ ಅಂದರೆ ಕುರ್ಚಿಯವರೂ ಬಳಸುವಂತಿರುವುದು. ಆದರೆ ಆ ಪದಕ್ಕೆ ಹಡಗಿನಲ್ಲಿ ಒಂದು ಅರ್ಥ, ಹೋಟೆಲಿನಲ್ಲಿ ಇನ್ನೊಂದು, ಬಸ್ಸಿನಲ್ಲಿ ಮತ್ತೊಂದು. ಅದಕ್ಕೇ ನಾನು ಯಾರನ್ನೂ "ಆಕ್ಸೆಸಿಬಲ್ ಇದೆಯಾ" ಅಂತ ಕೇಳುವುದು ಬಿಟ್ಟು ಬಹಳ ದಿನ ಆಯಿತು. ಅಳತೆ ಕೇಳುತ್ತೇನೆ. ಬಾಗಿಲು ಎಷ್ಟು ಇಂಚು? ಬಚ್ಚಲಿಗೆ ಹೊಸ್ತಿಲು ಇದೆಯಾ? ಮಂಚ ನೆಲದಿಂದ ಎಷ್ಟು ಎತ್ತರ? ಉತ್ತರ ಕೊಡಲು ತಡವರಿಸಿದರೆ ಫೋಟೋ ಕಳಿಸಿ ಅನ್ನುತ್ತೇನೆ, ಅಳತೆ ಪಟ್ಟಿ ಇಟ್ಟು ತೆಗೆದ ಫೋಟೋ.

ಮೊದಲು ಹಡಗು. ಇದು ಸುಲಭದ ಭಾಗ. ಸಾಮಾನ್ಯ ಕ್ಯಾಬಿನ್ ಬಾಗಿಲು 22-23 ಇಂಚು ಇರುತ್ತದೆ, ಅದರಲ್ಲಿ ಕುರ್ಚಿ ತೂರುವುದೇ ಇಲ್ಲ, ಬಚ್ಚಲಿಗೆ ಎತ್ತರದ ಹೊಸ್ತಿಲು ಬೇರೆ. ವೀಲ್‌ಚೇರ್ ಕ್ಯಾಬಿನ್ ಅಂದರೆ ಬಾಗಿಲು ಸುಮಾರು 32 ಇಂಚು, ಹೊಸ್ತಿಲಿಲ್ಲದ ಬಚ್ಚಲು, ಮಡಚುವ ಸೀಟಿರುವ ರೋಲ್-ಇನ್ ಶವರ್ (ಕುರ್ಚಿ ಸಮೇತ ಒಳಗೆ ಹೋಗಬಹುದಾದ ಸ್ನಾನದ ಜಾಗ), ಕುರ್ಚಿ ತಿರುಗಿಸಲು ಐದಡಿ ಜಾಗ. ಸಾವಿರಾರು ಜನರ ಹಡಗಿನಲ್ಲೂ ಇಂಥ ಕ್ಯಾಬಿನ್ ಇರುವುದು ಕೆಲವೇ ಕೆಲವು. ಒಂದು ವರ್ಷ ಮುಂಚೆಯೇ ಹಿಡಿದುಕೊಳ್ಳಿ, ಆಮೇಲೆ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ನಿಮ್ಮಿಬ್ಬರಿಗೂ ಕುರ್ಚಿ ಅಲ್ವಾ, ಅದು ಏಜೆಂಟಿಗೆ ಹೊಳೆಯದ ವಿಷಯ. ಆ ಐದಡಿ ಜಾಗ ಒಂದು ಕುರ್ಚಿಗೆ ಲೆಕ್ಕ ಹಾಕಿದ್ದು. ನಮ್ಮ ಮೊದಲ ರಾತ್ರಿ ಹೀಗಾಯಿತು: ನನ್ನ ಕುರ್ಚಿಯನ್ನು ಮಂಚದ ಪಕ್ಕ ಚಾರ್ಜಿಗೆ ಹಾಕಿ ನಾನು ಮಲಗಿದೆ. ನಡುರಾತ್ರಿ ಅವಳಿಗೆ ಬಚ್ಚಲಿಗೆ ಹೋಗಬೇಕು, ನನ್ನ ಕುರ್ಚಿ ದಾರಿಗೆ ಅಡ್ಡ. ನಾನು ಎದ್ದು, ಜಾರು ಹಲಗೆ ಹಾಕಿ, ಕುರ್ಚಿಗೆ ದಾಟಿ, ಹಿಂದೆ ಸರಿದು, ದಾರಿ ಬಿಟ್ಟುಕೊಡುವಷ್ಟರಲ್ಲಿ ಹತ್ತು ನಿಮಿಷ. ಮರುದಿನ ಬೆಳಿಗ್ಗೆ ಕ್ಯಾಬಿನ್ ನೋಡಿಕೊಳ್ಳುವ ಹುಡುಗನಿಗೆ ಹೇಳಿದೆವು, ಅವನು ಸೋಫಾವನ್ನು ಒಂದು ಕಡೆಗೂ ಟೀಪಾಯಿಯನ್ನು ಹೊರಗೂ ಹಾಕಿಸಿದ. ಸಮಸ್ಯೆ ಅಲ್ಲಿಗೇ ಮುಗಿಯಿತು. ಬುಕ್ ಮಾಡುವಾಗಲೇ "ಎರಡು ಕುರ್ಚಿ" ಅಂತ ಬರೆಸಿ, ಕ್ಯಾಬಿನ್ನಿನ ನಕ್ಷೆ ತರಿಸಿಕೊಳ್ಳಿ.

ಒಂದು ಧೈರ್ಯದ ಮಾತು. ಈ ದೊಡ್ಡ ಹಡಗುಗಳಲ್ಲಿ ಬಹುತೇಕ ಬೇರೆ ದೇಶದ ಧ್ವಜ ಹೊತ್ತವು. ಆದರೂ ಅಮೆರಿಕದ ನೀರಿನಲ್ಲಿ ಓಡುವಾಗ ಅಂಗವಿಕಲರಿಗೆ ಇರುವ ಅಲ್ಲಿನ ಕಾನೂನು ಅವಕ್ಕೂ ಅನ್ವಯಿಸುತ್ತದೆ ಅಂತ 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿನಲ್ಲಿ ಮಿತಿಗಳೂ ಇವೆ, ಹಡಗಿನ ರಚನೆಯನ್ನೇ ಬದಲಿಸಿ ಅಂತ ಕೇಳಲು ಆಗುವುದಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಕೇಳುವುದಕ್ಕೆ ಸಂಕೋಚ ಯಾಕೆ?

ಈಗ ನೆಲ. ಎಡವುವುದು ಇಲ್ಲೇ. ಕ್ರೂಸ್ ಕಂಪನಿ ಟಿಕೆಟ್ ಒಂದೇ ಕೊಡುತ್ತದೆ, ಆದರೆ ಇಳಿದ ಮೇಲೆ ಲಾಡ್ಜ್, ಬಸ್ಸು, ರೈಲು ಬೇರೆ ಬೇರೆಯವರದ್ದು ಇರಬಹುದು. ಹಡಗಿಗೆ ನೀವು ತುಂಬಿ ಕಳಿಸಿದ ಫಾರಂ ಅವರ ಕೈಗೆ ಹೋಗಿದೆ ಅಂದುಕೊಳ್ಳಬೇಡಿ. ಒಬ್ಬೊಬ್ಬರಿಗೂ ನೀವೇ ಬೇರೆಯಾಗಿ ಬರೆದು ಉತ್ತರ ಪಡೆಯಿರಿ, ಫೋನಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ.

ಹೋಟೆಲ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಾವು ಪಾಡು ಪಟ್ಟಿದ್ದು ಇಲ್ಲೇ. ಅಮೆರಿಕದ ನಿಯಮದಲ್ಲಿ 50 ಅಥವಾ ಅದಕ್ಕಿಂತ ಕಡಿಮೆ ರೂಮಿರುವ ಹೋಟೆಲಿನವರು ರೋಲ್-ಇನ್ ಶವರ್ ಇಡಲೇಬೇಕೆಂದಿಲ್ಲ. ಸ್ನಾನದ ತೊಟ್ಟಿಗೆ ಹಿಡಿಕೆ ಕಂಬಿ, ಸೀಟು ಹಾಕಿದರೂ ಅದು ಕಾನೂನಿನ ಪ್ರಕಾರ ಆಕ್ಸೆಸಿಬಲ್ ರೂಮೇ. ನಮಗೆ ಒಂದು ಲಾಡ್ಜಿನಲ್ಲಿ ಸಿಕ್ಕಿದ್ದು ಅದೇ, ತೊಟ್ಟಿ. ಎರಡು ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೆವು. ಇನ್ನು ಮಂಚದ ಎತ್ತರಕ್ಕೆ ಅಲ್ಲಿ ನಿಯಮವೇ ಇಲ್ಲ! ನಮ್ಮ ಕುರ್ಚಿಯ ಸೀಟು 19 ಇಂಚು, ಅಲ್ಲಿನ ಮಂಚ 27. ಎಂಟು ಇಂಚು ಮೇಲಕ್ಕೆ ಜಾರು ಹಲಗೆ ಹಾಕಿ ಹತ್ತುವುದು ಅಂದರೆ ಗೋಡೆ ಹತ್ತಿದ ಹಾಗೆ. ಕೊನೆಗೆ ಹಾಸಿಗೆಯ ಕೆಳಗಿದ್ದ ಪೆಟ್ಟಿಗೆಯಂಥ ಬೇಸ್ ತೆಗೆಸಿ ಹಾಸಿಗೆಯನ್ನು ಚೌಕಟ್ಟಿನ ಮೇಲೆ ನೇರವಾಗಿ ಹಾಕಿಸಿಕೊಂಡೆವು. ಈ ಉಪಾಯ ನೆನಪಿಟ್ಟುಕೊಳ್ಳಿ, ಮುಂಚೆಯೇ ಕೇಳಿದರೆ ಮಾಡಿಕೊಡುವವರು ಇದ್ದಾರೆ. "ರೋಲ್-ಇನ್ ಶವರ್" ಅನ್ನುವ ಪದ ಬುಕಿಂಗ್ ಕಾಗದದಲ್ಲೇ ಅಚ್ಚಾಗಿರಲಿ.

ಬಸ್ಸಿಗೆ ಬರೋಣ. ಲಿಫ್ಟ್ ಇರುವ ಬಸ್ ಬೇಕು ಅಂತ ಕನಿಷ್ಠ 48 ಗಂಟೆ ಮುಂಚೆ ಹೇಳಿ ಅಂತ ಅಲ್ಲಿನ ಬಸ್ ಕಂಪನಿಗಳು ಕೇಳಬಹುದು, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ನೀವು 48 ದಿನ ಮುಂಚೆ ಹೇಳಿ. ಲಿಫ್ಟ್ ಕನಿಷ್ಠ 600 ಪೌಂಡ್, ಅಂದರೆ ಸುಮಾರು 272 ಕೆಜಿ ಹೊರಬೇಕು ಅಂತ ಅಲ್ಲಿನ ನಿಯಮ. ನಿಮ್ಮ ತೂಕ, ಬ್ಯಾಟರಿ ಕುರ್ಚಿಯ ತೂಕ ಎರಡೂ ಕೂಡಿಸಿ ನೋಡಿಕೊಳ್ಳಿ. ಒಂದು ಬಸ್ಸಿನಲ್ಲಿ ಎಷ್ಟು ಕುರ್ಚಿ ಕಟ್ಟಲು ಜಾಗ ಇದೆ ಅಂತಲೂ ಕೇಳಿ. ಒಂದೇ ಇದ್ದರೆ ನಿಮ್ಮವರು ಸೀಟಿಗೆ ದಾಟಬೇಕಾಗುತ್ತದೆ, ಅವರಿಗೆ ಅದು ಆಗುತ್ತದಾ?

ರೈಲು ಮಾತ್ರ ನನಗೆ ಬಹಳ ಇಷ್ಟವಾಯಿತು. ಅಲಾಸ್ಕಾ ರೈಲ್‌ರೋಡ್‌ನ ನಿಲ್ದಾಣಗಳಲ್ಲಿ ಹತ್ತಿಸಲು ಲಿಫ್ಟ್ ಇದೆ. ಗೋಲ್ಡ್‌ಸ್ಟಾರ್ ಅನ್ನುವ ಮೇಲುದರ್ಜೆಯ ಎರಡಂತಸ್ತಿನ ಬೋಗಿಯಲ್ಲಿ ಮೇಲಿನ ಗಾಜಿನ ಚಾವಣಿಯವರೆಗೂ ಲಿಫ್ಟ್ ಹೋಗುತ್ತದೆ. ಅಲಾಸ್ಕಾದ ದೊಡ್ಡ ಊರು ಆಂಕರೇಜ್‌ನಿಂದ ಡೆನಾಲಿ ನ್ಯಾಷನಲ್ ಪಾರ್ಕಿಗೆ ಏಳೆಂಟು ಗಂಟೆ. ಆದರೆ ಅದೇ ಹಳಿಯ ಮೇಲೆ ಕ್ರೂಸ್ ಕಂಪನಿಗಳ ಸ್ವಂತ ಬೋಗಿಗಳೂ ಓಡುತ್ತವೆ. ಅವುಗಳಲ್ಲಿ ನಿಮಗೆ ಮೇಲೆ ಹೋಗಲು ಆಗುತ್ತದೋ ಇಲ್ಲವೋ ಅಂತ ಬೇರೆಯಾಗಿಯೇ ವಿಚಾರಿಸಿ.

ಡೆನಾಲಿ ಪಾರ್ಕಿನ ಒಳಗೆ ಲಿಫ್ಟ್ ಇರುವ ಬಸ್ಸುಗಳಿವೆ, ಬುಕ್ ಮಾಡುವಾಗಲೇ ಕೇಳಬೇಕು. 92 ಮೈಲಿ ರಸ್ತೆಯನ್ನು ಪ್ರಿಟಿ ರಾಕ್ಸ್ ಎಂಬಲ್ಲಿ ನೆಲ ಕುಸಿಯುತ್ತಿದ್ದರಿಂದ 2021ರ ಆಗಸ್ಟ್‌ನಲ್ಲಿ 43ನೇ ಮೈಲಿಯ ಹತ್ತಿರ ಮುಚ್ಚಿದರು, ಅಲ್ಲಿ ಸೇತುವೆ ಕೆಲಸ ಹಿಡಿದಿದ್ದಾರೆ. ನಮ್ಮಂಥವರಿಗೆ ಇದರಿಂದ ಅಂಥ ನಷ್ಟವೇನೂ ಇಲ್ಲ. ಕಟ್ಟಿದ ಕುರ್ಚಿಯಲ್ಲಿ ಹನ್ನೆರಡು ಗಂಟೆ ಕುಲುಕುವುದಕ್ಕಿಂತ ಐದಾರು ಗಂಟೆಯೇ ಸಾಕು.

ಕೊನೆಯದಾಗಿ, ನೆಲ ಮೊದಲೋ ಹಡಗು ಮೊದಲೋ? ಎರಡೂ ಬಗೆಯಲ್ಲಿ ಸಿಗುತ್ತದೆ. ನಾನು ನೆಲ ಮೊದಲು ಅನ್ನುತ್ತೇನೆ. ವಿಮಾನದಲ್ಲಿ ಕುರ್ಚಿಗೆ ಏಟು ಬಿದ್ದರೆ ಆಂಕರೇಜ್‌ನಂಥ ಊರಿನಲ್ಲಿ ಎರಡು ದಿನ ಉಳಿದು ರಿಪೇರಿ ನೋಡಬಹುದು. ಹಡಗು ಯಾರಿಗೂ ಕಾಯುವುದಿಲ್ಲ. ಮತ್ತೆ, ದಿನಕ್ಕೊಂದು ರೂಮು ಬದಲಿಸಿ ಸುಸ್ತಾದ ಮೇಲೆ ಏಳು ದಿನ ಒಂದೇ ಬಚ್ಚಲು, ಒಂದೇ ಮಂಚ ಅಂದರೆ ಎಷ್ಟು ಆರಾಮ ಗೊತ್ತಾ!

ಪ್ರಶ್ನೆ: ಕೆಲವು ಬಂದರುಗಳಲ್ಲಿ ಹಡಗು ದಡಕ್ಕೆ ಬರುವುದಿಲ್ಲ, ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ ಅಂತ ಕೇಳಿದೆ. ಅಮ್ಮನಿಗೆ ಒಂದು ಹೆಜ್ಜೆಯೂ ನಡೆಯಲು ಆಗುವುದಿಲ್ಲ. ಏನು ಮಾಡುವುದು?

ಆ ದೋಣಿಗೆ ಟೆಂಡರ್ ಅನ್ನುತ್ತಾರೆ. ನೇರವಾಗಿ ಹೇಳಿಬಿಡುತ್ತೇನೆ, ಅಮ್ಮನವರು ಅಂಥ ಕಡೆ ಹಡಗಿನಲ್ಲೇ ಉಳಿಯಬೇಕಾಗಬಹುದು. ಭಾರದ ಬ್ಯಾಟರಿ ಕುರ್ಚಿಯನ್ನು ಟೆಂಡರಿಗೆ ಸಾಮಾನ್ಯವಾಗಿ ಹತ್ತಿಸುವುದಿಲ್ಲ. ಕೈಕುರ್ಚಿ ಆದರೆ ಕೆಲವರು ಹತ್ತಿಸುತ್ತಾರೆ, ಆದರೆ ಅಲೆ ಜೋರಿದ್ದರೆ ಆವತ್ತು ಇಲ್ಲ. ಅಲ್ಲಿ ನಿಂತಿರುವ ಅಧಿಕಾರಿ ಹೇಳಿದ್ದೇ ಕೊನೆ. ಗ್ರೀಸಿನ ಸ್ಯಾಂಟೊರಿನಿ, ಕೆರಿಬಿಯನ್ನಿನ ಗ್ರ್ಯಾಂಡ್ ಕೇಮನ್, ಇವೆರಡೂ ಟೆಂಡರ್ ಬಂದರುಗಳು. ಬುಕ್ ಮಾಡುವ ಮುಂಚೆಯೇ ಯಾವ ಬಂದರಿನಲ್ಲಿ ಹೇಗೆ ಇಳಿಸುತ್ತಾರೆ ಅಂತ ಒಂದೊಂದಾಗಿ ಕೇಳಿ, ಎಲ್ಲ ಕಡೆ ದಡಕ್ಕೆ ಕಟ್ಟುವ ಹಡಗನ್ನೇ ಆರಿಸಿಕೊಳ್ಳಿ.

ಅಲಾಸ್ಕಾದ ಕೆಚಿಕನ್, ಜೂನೊ, ಸ್ಕ್ಯಾಗ್ವೆ ಮೂರರಲ್ಲೂ ಸಾಮಾನ್ಯವಾಗಿ ದಡಕ್ಕೇ ಕಟ್ಟುತ್ತಾರೆ. ಆದರೆ 2022ರಲ್ಲಿ ಸ್ಕ್ಯಾಗ್ವೆಯಲ್ಲಿ ಹಡಗು ಕಟ್ಟುವ ಒಂದು ಕಟ್ಟೆಯ ಮೇಲೆ ಗುಡ್ಡದಿಂದ ಬಂಡೆ ಬಿದ್ದು, ಕೆಲವು ಹಡಗಿನವರು ಟೆಂಡರ್ ಹಾಕಬೇಕಾಯಿತು. ಹಾಗಾಗಿ ಹೊರಡುವ ತಿಂಗಳು ಮತ್ತೊಮ್ಮೆ ಕೇಳಿ.

ದಡಕ್ಕೆ ಕಟ್ಟಿದರೂ ಗ್ಯಾಂಗ್‌ವೇ, ಅಂದರೆ ಹಡಗಿನಿಂದ ದಡಕ್ಕೆ ಇಳಿಯುವ ರ‍್ಯಾಂಪು, ನೋಡಿಕೊಳ್ಳಬೇಕು. ಜೂನೊದಲ್ಲಿ ಸಮುದ್ರದ ಉಬ್ಬರ ಇಳಿತದ ನಡುವೆ ಕೆಲವು ದಿನ ಇಪ್ಪತ್ತು ಅಡಿ ವ್ಯತ್ಯಾಸ ಇರುತ್ತದೆ. ಬೆಳಿಗ್ಗೆ ಮಟ್ಟವಾಗಿದ್ದ ರ‍್ಯಾಂಪು ಮಧ್ಯಾಹ್ನ ಕಡಿದಾಗಿ ಹೋಗಿರುತ್ತದೆ. ನಾವು ಪ್ರತಿ ಬಂದರಿನಲ್ಲೂ ಸಿಬ್ಬಂದಿಯನ್ನು ಒಂದೇ ಪ್ರಶ್ನೆ ಕೇಳುತ್ತಿದ್ದೆವು, "ಎಷ್ಟು ಹೊತ್ತಿಗೆ ಇದು ಕಡಿಮೆ ಇಳಿಜಾರು?" ಇಳಿಯುವಾಗ ಅಮ್ಮನವರನ್ನು ಹಿಂದುಮುಖವಾಗಿ ಇಳಿಸಿಕೊಳ್ಳಿ, ಮುಂದಕ್ಕೆ ಜಾರುವ ಭಯ ಇರುವುದಿಲ್ಲ.

ಇಳಿದ ಮೇಲೆ ಅಮ್ಮನವರಿಗೆ ಆಗುವಂಥದ್ದು ಬೇಕಾದಷ್ಟಿದೆ. ಜೂನೊದಲ್ಲಿ ಕಟ್ಟೆಯ ಪಕ್ಕದಲ್ಲೇ ಮೌಂಟ್ ರಾಬರ್ಟ್ಸ್‌ಗೆ ಹೋಗುವ ತೂಗುಗಾಡಿ ಇದೆ, ಕುರ್ಚಿ ಸಮೇತ ಹೋಗಬಹುದು. ಮೆಂಡನ್‌ಹಾಲ್ ಹಿಮನದಿಯನ್ನು ನೋಡಲು ಹಾಸು ಹಾಕಿದ ಸಣ್ಣ ದಾರಿ ಇದೆ. ಸ್ಕ್ಯಾಗ್ವೆಯ ವೈಟ್ ಪಾಸ್ ರೈಲಿನಲ್ಲಿ ಲಿಫ್ಟ್ ಇರುವ ಬೋಗಿ ಇದೆ, ಮುಂಚೆ ಹೇಳಿದರೆ ಜಾಗ ಹಿಡಿದಿಡುತ್ತಾರೆ.

ಪ್ರಶ್ನೆ: ಬ್ಯಾಟರಿ, ಚಾರ್ಜರ್ ವಿಷಯದಲ್ಲಿ ಏನು ಎಚ್ಚರ ಬೇಕು?

ಲಿಥಿಯಂ ಬ್ಯಾಟರಿಯನ್ನು ಕುರ್ಚಿಯಿಂದ ಕಳಚಿ ವಿಮಾನದೊಳಗೆ ಒಯ್ಯುವುದಾದರೆ ಸಾಮಾನ್ಯವಾಗಿ 300 ವ್ಯಾಟ್-ಅವರ್ (ಬ್ಯಾಟರಿಯ ಶಕ್ತಿಯ ಅಳತೆ) ಮಿತಿ, ಎರಡಿದ್ದರೆ ತಲಾ 160. ಬ್ಯಾಟರಿಯ ಮೇಲೆ ಆ ಅಂಕಿ ಅಳಿಸಿಹೋಗಿದ್ದರೆ ಕಂಪನಿಯಿಂದ ಕಾಗದ ತರಿಸಿಕೊಳ್ಳಿ. ವಿಮಾನ ಕಂಪನಿಗೆ ಮುಂಚೆಯೇ ತಿಳಿಸಿ.

ಹಡಗಿನಲ್ಲಿ ಕುರ್ಚಿಯನ್ನಾಗಲಿ ಸ್ಕೂಟರನ್ನಾಗಲಿ ಕಾರಿಡಾರಿನಲ್ಲಿ ನಿಲ್ಲಿಸುವ ಹಾಗಿಲ್ಲ, ಕ್ಯಾಬಿನ್ ಒಳಗೇ ಇಡಬೇಕು, ಚಾರ್ಜೂ ಅಲ್ಲೇ. ಬೆಂಕಿ ಬಿದ್ದರೆ ಜನ ಓಡುವ ದಾರಿ ಅದು, ಸರಿಯಾದ ನಿಯಮವೇ. ಮನೆಯಿಂದ ಎಕ್ಸ್‌ಟೆನ್ಶನ್ ಬೋರ್ಡ್ ತರಬೇಡಿ, ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಬೇಕಾದರೆ ಅವರನ್ನೇ ಕೇಳಿ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ನಾವು ಹಡಗಿನಿಂದ ಇಳಿಯುವ ದಿನದ ಹಿಂದಿನ ರಾತ್ರಿ ಲಗೇಜನ್ನು ಕ್ಯಾಬಿನ್ ಹೊರಗೆ ಇಡಲು ಹೇಳುತ್ತಾರೆ. ನೆಲದ ಪ್ರವಾಸದಲ್ಲೂ ಪೆಟ್ಟಿಗೆಗಳು ಎಷ್ಟೋ ಸಲ ಬೇರೆ ಗಾಡಿಯಲ್ಲಿ ಹೋಗುತ್ತವೆ. ಚಾರ್ಜರ್ ಆ ಪೆಟ್ಟಿಗೆಯಲ್ಲಿದ್ದರೆ ಕುರ್ಚಿ ಮಾರನೇ ದಿನ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಚಾರ್ಜರ್, ಮಾತ್ರೆ, ಕ್ಯಾಥೆಟರ್, ಒಂದು ಜೊತೆ ಬಟ್ಟೆ, ಇಷ್ಟನ್ನು ಕುರ್ಚಿಯ ಹಿಂದಿನ ಚೀಲದಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ: ಹಡಗಿನಲ್ಲಿ ಅವಘಡ ಆದರೆ ಲಿಫ್ಟ್ ನಿಲ್ಲುತ್ತದಲ್ಲ, ಆಗ?

ಹೌದು, ಲಿಫ್ಟ್ ಬಳಸುವ ಹಾಗಿರುವುದಿಲ್ಲ. ಅದಕ್ಕೇ ಇವ್ಯಾಕ್ಯುಯೇಷನ್ ಚೇರ್ ಇಟ್ಟಿರುತ್ತಾರೆ, ತರಬೇತಾದ ಸಿಬ್ಬಂದಿ ಬಂದು ಮೆಟ್ಟಿಲಲ್ಲಿ ಇಳಿಸುತ್ತಾರೆ. ಹತ್ತಿದ ದಿನವೇ ಗೆಸ್ಟ್ ಸರ್ವೀಸ್‌ಗೆ ಹೋಗಿ ಸಹಾಯ ಬೇಕಾದವರ ಪಟ್ಟಿಯಲ್ಲಿ ನಿಮ್ಮ ಹೆಸರು, ಕ್ಯಾಬಿನ್ ನಂಬರ್ ಇದೆಯಾ ನೋಡಿ. ಸುರಕ್ಷಾ ಡ್ರಿಲ್ ತಪ್ಪಿಸಬೇಡಿ.

ಪ್ರಶ್ನೆ: ನನಗೆ ಹೋಗುವ ಆಸೆ ತುಂಬಾ. ಆದರೆ ಬಸ್ಸಿನಲ್ಲಿ ನನ್ನನ್ನು ಹತ್ತಿಸಿ ಕಟ್ಟುವಷ್ಟು ಹೊತ್ತು ಎಲ್ಲರೂ ಕಾಯಬೇಕು, ಮುಖ ನೋಡಬೇಕು. ಸುಮ್ನೆ ಮನೆಯಲ್ಲೇ ಇರೋಣ ಅನಿಸುತ್ತದೆ.

ನಿಮ್ಮ ಪತ್ರವನ್ನು ನಾವಿಬ್ಬರೂ ಎರಡು ಸಲ ಓದಿದೆವು. ಈ ಭಾವನೆ ನಮಗೂ ಗೊತ್ತು. ನನ್ನನ್ನು ಲಿಫ್ಟಿನಲ್ಲಿ ಎತ್ತಿ, ನಾಲ್ಕು ಪಟ್ಟಿ ಬಿಗಿದು ಮುಗಿಸಲು ಆರೇಳು ನಿಮಿಷ ಹಿಡಿಯುತ್ತದೆ, ಇಬ್ಬರಿಗೂ ಸೇರಿ ಕಾಲು ಗಂಟೆ. ಮೊದಲ ದಿನ ತಲೆ ತಗ್ಗಿಸಿ ಕೂತಿದ್ದೆ. ನಿಜ ಹೇಳಬೇಕೆಂದರೆ, ಆ ಬಸ್ಸಿನಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಕಾಯಿಸಿದವರು ಫೋಟೋ ತೆಗೆಯುತ್ತಾ ನಿಂತವರೇ. ನೀವು ಟಿಕೆಟಿಗೆ ಅವರಷ್ಟೇ ದುಡ್ಡು ಕೊಟ್ಟಿದ್ದೀರಿ. ಮುಜುಗರ ಆಗುತ್ತದೆ ಅಂದರೆ ಡ್ರೈವರಿಗೆ ಹೇಳಿ ಎಲ್ಲರಿಗಿಂತ ಹತ್ತು ನಿಮಿಷ ಮುಂಚೆ ಹತ್ತಿ ಕೂತುಬಿಡಿ, ನಾವು ಎರಡನೇ ದಿನದಿಂದ ಹಾಗೇ ಮಾಡಿದೆವು.

ಬಸ್ಸು ಬೇಡವೇ ಬೇಡ ಅನಿಸಿದರೆ ಗ್ಲೇಸಿಯರ್ ಬೇ ಅನ್ನುವ ಹಿಮನದಿಗಳ ಕೊಲ್ಲಿಗೆ ಹೋಗುವ ಕ್ರೂಸ್ ಹಿಡಿಯಿರಿ. ದಿನಕ್ಕೆ ಎರಡೇ ದೊಡ್ಡ ಹಡಗಿಗೆ ಅಲ್ಲಿ ಪ್ರವೇಶ. ಅಲ್ಲಿ ಯಾರೂ ಇಳಿಯುವುದಿಲ್ಲ, ಪಾರ್ಕಿನ ರೇಂಜರ್‌ಗಳೇ ಹಡಗು ಹತ್ತಿ ಬಂದು ವಿವರಿಸುತ್ತಾರೆ. ನಡೆಯುವವರು, ನಡೆಯದವರು ಎಲ್ಲರೂ ಅದೇ ಡೆಕ್ಕಿನ ಮೇಲೆ. ಹಿಮದ ಗೋಡೆಯಿಂದ ಒಂದು ತುಂಡು ಕಳಚಿ ನೀರಿಗೆ ಬಿತ್ತು, ಕಣ್ಣಿಗೆ ಕಂಡ ಕೆಲವು ಕ್ಷಣಗಳ ಮೇಲೆ ಗುಡುಗಿನಂಥ ಸದ್ದು ಬಂತು. ನನ್ನವಳು ನನ್ನ ತೋಳು ಹಿಡಿದವಳು ಬಿಡಲೇ ಇಲ್ಲ.

ಕ್ಯಾಬಿನ್ ಆರಿಸುವಾಗ ಬಾಲ್ಕನಿ ಇರುವುದನ್ನೇ ಕೇಳಿ. ಕಟಕಟೆ ಗಾಜಿನದಾ ಕಬ್ಬಿಣದ್ದಾ ವಿಚಾರಿಸಿ, ಕೂತವರ ಕಣ್ಣಿಗೆ ಮೇಲಿನ ಕಂಬಿ ಸರಿಯಾಗಿ ಅಡ್ಡ ಬರುತ್ತದೆ. ಬಾಲ್ಕನಿ ಬಾಗಿಲಿಗೂ ಒಂದು ಹೊಸ್ತಿಲು ಇರುತ್ತದೆ, ಅದಕ್ಕೆ ಸಣ್ಣ ರ‍್ಯಾಂಪ್ ಇಡಿಸಿಕೊಳ್ಳಿ. ಅಲಾಸ್ಕಾ ಕ್ರೂಸ್ ಕಾಲ ಮೇನಿಂದ ಸೆಪ್ಟೆಂಬರ್ ತನಕ, ಮುಂದಿನ ವರ್ಷಕ್ಕೆ ಈಗಲೇ ಕೇಳಿದರೆ ಕ್ಯಾಬಿನ್ ಸಿಗಬಹುದು. ಹೋಗಿಬಂದ ಮೇಲೆ ನಮಗೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇವೆ.