ಅಜ್ಜಿ ಮನೆಯ ತೆಂಗಿನ ಚಿಪ್ಪು

ಪತ್ರ: ಮೊನ್ನೆ ನನ್ನ ನಾಲ್ಕು ವರ್ಷದ ಮಗಳು ಅಂಗಳದಲ್ಲಿ ಆಡುವಾಗ ಇರುವೆಯೊಂದನ್ನು ತುಳಿದಳು. ಅದು ಒದ್ದಾಡುವುದನ್ನು ನೋಡಿ ಅತ್ತುಬಿಟ್ಟಳು. ಯಾರೂ ಅವಳಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಸರಿ ತಪ್ಪು ತಿಳಿಸುವ ಮನಸ್ಸಾಕ್ಷಿ ಹುಟ್ಟುವಾಗಲೇ ನಮ್ಮ ಜೊತೆ ಬರುತ್ತದೆ ಅಲ್ವಾ? ಅದು ಹೇಳಿದಂತೆ ನಡೆದರೆ ಸಾಕಲ್ಲ, ನೀತಿಪಾಠ, ಕಾನೂನು ಎಲ್ಲ ಯಾಕೆ?
– ಓದುಗರೊಬ್ಬರು, ತಿಪಟೂರು

ಸಂಪಾದಕರ ಉತ್ತರ:

ನಿಮ್ಮ ಮಗಳ ಕಣ್ಣೀರು ನಿಜವಾದದ್ದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ, ಅದರ ಬೆಲೆ ಕಡಿಮೆ ಮಾಡಿದೆ ಅಂತ ನಿಮಗೆ ಅನ್ನಿಸಬಾರದು.

ಮಕ್ಕಳಲ್ಲಿ ಹುಟ್ಟಿನಿಂದಲೇ ಏನೋ ಒಂದು ಇರುತ್ತದೆ ಅನ್ನುವುದಕ್ಕೆ ಆಧಾರವೂ ಇದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಇಬ್ಬರು ಸಂಶೋಧಕರು, ವಾರ್ನೆಕೆನ್ ಮತ್ತು ಟೊಮಸೆಲ್ಲೊ, ಒಂದೂವರೆ ವರ್ಷದ 24 ಮಕ್ಕಳನ್ನು ಪರೀಕ್ಷಿಸಿದರು. ಬಟ್ಟೆ ಒಣಗಿಸುತ್ತಿದ್ದವರ ಕೈಯಿಂದ ಕ್ಲಿಪ್ ಜಾರಿ ಬೀಳುತ್ತದೆ, ಕೈಗೆ ಎಟುಕುವುದಿಲ್ಲ. ಇನ್ನೊಂದು ಸಲ ಎರಡೂ ಕೈಯಲ್ಲಿ ಪುಸ್ತಕ ಹೊತ್ತವರು ಬೀರುವಿನ ಬಾಗಿಲು ತೆರೆಯಲಾಗದೆ ಸುಮ್ಮನೆ ಢಿಕ್ಕಿ ಹೊಡೆಯುತ್ತಾರೆ. ಯಾರೂ ಕರೆಯಲಿಲ್ಲ, ಚಾಕೊಲೇಟ್ ಕೊಡಲಿಲ್ಲ, ಶಹಬ್ಬಾಸ್ ಅನ್ನಲಿಲ್ಲ. ಆದರೂ 22 ಮಕ್ಕಳು ಒಂದಲ್ಲ ಒಂದು ಸಲ ತಾವಾಗಿ ಎದ್ದು ಬಂದು ಸಹಾಯ ಮಾಡಿದವು. ಇದು 2006ರಲ್ಲಿ ಪ್ರಕಟವಾಯಿತು. ನಾನು ಓದಿದಾಗ ತುಂಬ ಖುಷಿಪಟ್ಟಿದ್ದೆ.

ಮರುವರ್ಷ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಇನ್ನೂ ದೊಡ್ಡ ಮಾತು ಬಂತು. ಗುಡ್ಡ ಹತ್ತುವ ಗೊಂಬೆಗೆ ನೆರವಾಗುವ ಗೊಂಬೆ ಒಂದು, ಕೆಳಗೆ ತಳ್ಳುವ ಗೊಂಬೆ ಇನ್ನೊಂದು. ಆರು ತಿಂಗಳ ಕೂಸುಗಳು ಕೂಡ ನೆರವಾದದ್ದಕ್ಕೇ ಕೈಚಾಚಿದವು ಅಂದರು. ಆದರೆ ಹಲವು ದೇಶಗಳ 37 ಪ್ರಯೋಗಾಲಯಗಳು ಸೇರಿ ಅದನ್ನೇ ಮತ್ತೆ ಮಾಡಿದಾಗ ಕೂಸುಗಳು ಸರಿಸುಮಾರು ಅರ್ಧಕ್ಕರ್ಧ ಹಂಚಿಹೋದವು. 2024ರಲ್ಲಿ ಬಂದ ಫಲಿತಾಂಶ ಅದು. ಹಾಗಾಗಿ ತೊಟ್ಟಿಲ ಕೂಸಿಗೆ ನ್ಯಾಯ ಅನ್ಯಾಯ ಗೊತ್ತು ಅಂತ ನಾನು ಹೇಳಲಾರೆ. ಇನ್ನೊಬ್ಬರ ಕಷ್ಟಕ್ಕೆ ಮಿಡಿಯುವ ಗುಣ ಬೇಗ ಬರುತ್ತದೆ, ಹೇಳಿಕೊಡದೆಯೂ ಬರುತ್ತದೆ. ಅಷ್ಟನ್ನು ಒಪ್ಪುತ್ತೇನೆ.

ಆದರೆ ಯಾರ ಕಷ್ಟಕ್ಕೆ? ನನ್ನನ್ನು ಕಾಡುವ ಪ್ರಶ್ನೆ ಇದು.

ನಮ್ಮ ಅಜ್ಜಿಯ ಬಗ್ಗೆ ಹೇಳಬೇಕು. ರಾತ್ರಿ ಕರು ಅರಚಿದರೆ ಕಂದೀಲು ಹಿಡಿದು ಕೊಟ್ಟಿಗೆಗೆ ಓಡುತ್ತಿದ್ದರು. ಪಕ್ಕದ ಮನೆಯಿಂದ ತಂದ ಅರ್ಧ ಪಾವು ಸಕ್ಕರೆ ವಾಪಸ್ ಕೊಡುವವರೆಗೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಮನಸ್ಸಾಕ್ಷಿ ಇರುವ ಹೆಂಗಸು ಅಂದರೆ ಹೀಗಿರಬೇಕು. ಅದೇ ಕೊಟ್ಟಿಗೆಯ ಸೂರಿಗೆ ಒಂದು ತೆಂಗಿನ ಚಿಪ್ಪು ಸಿಕ್ಕಿಸಿರುತ್ತಿತ್ತು. ಗದ್ದೆ ಕೆಲಸಕ್ಕೆ ಬರುತ್ತಿದ್ದ ಆಳು ನೀರು ಕೇಳಿದರೆ ತಾನೇ ಅದನ್ನು ತೆಗೆದು, ತೊಳೆದು, ನೆಲಕ್ಕೆ ಕೂತು ಹಿಡಿಯಬೇಕು. ಅಜ್ಜಿ ಚೊಂಬಿನಿಂದ ಮೇಲಿನಿಂದಲೇ ನೀರು ಬಿಡುತ್ತಿದ್ದರು. ಸಿಟ್ಟಿಲ್ಲ, ಬೈಗುಳವಿಲ್ಲ. "ಇನ್ನೂ ಸ್ವಲ್ಪ ಕುಡಿಯಪ್ಪ, ಬಿಸಿಲು ಜಾಸ್ತಿ ಇದೆ" ಅಂತ ಪ್ರೀತಿಯಿಂದಲೇ ಹೇಳುತ್ತಿದ್ದರು. ಆ ರಾತ್ರಿ ಅವರಿಗೆ ಚೆನ್ನಾಗಿಯೇ ನಿದ್ದೆ ಬರುತ್ತಿತ್ತು.

ನನಗೂ ಬರುತ್ತಿತ್ತು. ಹುಟ್ಟಿದಾಗಿನಿಂದ ಆ ಚಿಪ್ಪನ್ನು ನೋಡಿದ್ದೆ. ಅದು ನೊಗ, ನೇಗಿಲು, ಮಂಕರಿಗಳ ಹಾಗೆ ಮನೆಯ ಒಂದು ಸಾಮಾನು. ಒಂದು ಭಾನುವಾರ ಆಳಿನ ಜೊತೆ ಅವನ ಮಗ ಬಂದ. ಶಾಲೆಯಲ್ಲಿ ನನ್ನ ಪಕ್ಕವೇ ಕೂರುವ ಹುಡುಗ, ನನ್ನ ಬಳಪ ಮುರಿದರೆ ಅರ್ಧ ಕೊಡುತ್ತಿದ್ದವನು. ಅಪ್ಪ ಕುಡಿದ ಮೇಲೆ ಅವನೂ ಚಿಪ್ಪು ಹಿಡಿದ. ನೀರು ಬೀಳುತ್ತಿರುವಾಗ ತಲೆ ಎತ್ತಿ ನನ್ನನ್ನು ನೋಡಿದ. ಆಗ ನನ್ನ ಮುಖ ಬಿಸಿಯಾದದ್ದು ಇವತ್ತಿಗೂ ನೆನಪಿದೆ. ಒಂಬತ್ತು ವರ್ಷ ಸುಮ್ಮನಿದ್ದ ಮನಸ್ಸಾಕ್ಷಿ ಅವತ್ತು ಎದ್ದಿತು. ಅದನ್ನು ಎಬ್ಬಿಸಿದ್ದು ಅವನ ನೋಟ.

ಮನಸ್ಸಾಕ್ಷಿಯೊಂದೇ ಸಾಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮನುಷ್ಯರ ಮಲವನ್ನು ಮನುಷ್ಯರು ತಲೆಯ ಮೇಲೆ ಹೊತ್ತು ನಮ್ಮ ಊರುಗಳ ಬೀದಿಯಲ್ಲೇ ನಡೆಯುತ್ತಿದ್ದರು. ಲಕ್ಷಾಂತರ ಒಳ್ಳೆಯ ಜನ ಅದನ್ನು ದಿನವೂ ನೋಡಿದರು. ಮೂಗು ಮುಚ್ಚಿಕೊಂಡರು, ಅಷ್ಟೆ. ಕರ್ನಾಟಕದಲ್ಲಿ ಅದನ್ನು ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ. ಅವರು ಸ್ವತಃ ದಲಿತರು. ಆ ನೋವು ಅವರಿಗೆ ಊಹೆ ಮಾಡಬೇಕಾದ ವಿಷಯ ಆಗಿರಲಿಲ್ಲ. ಸಂಸತ್ತು ಇದಕ್ಕೆ ಕಾನೂನು ಮಾಡಿದ್ದು 1993ರಲ್ಲಿ. ಅದಾದ 17 ವರ್ಷಕ್ಕೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆಮಾರುಗಳಿಂದ ಇದೇ ಕೆಲಸಕ್ಕೆ ತಳ್ಳಲ್ಪಟ್ಟ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟನೆ ಮಾಡಬೇಕಾಯಿತು. ನಮಗೆ ಕಾಣಿಸಲು ಅವರು ಅಷ್ಟು ಮಾಡಬೇಕಾಯಿತು.

ಹಾಗಂತ ಮನಸ್ಸಾಕ್ಷಿ ಅಂದರೆ ಬರೀ ಊರು ಕಲಿಸಿದ ಪಾಠದ ಗಿಣಿ ಅಂತ ತಳ್ಳಿಹಾಕಲೂ ನನ್ನ ಕೈಲಾಗುವುದಿಲ್ಲ. ಮಂಗಳೂರಿನ ಕುದ್ಮುಲ್ ರಂಗರಾವ್ ನೆನಪಾಗುತ್ತಾರೆ. ಸಾರಸ್ವತ ಬ್ರಾಹ್ಮಣರು, ವಕೀಲರು. ದಲಿತ ಮಕ್ಕಳಿಗೆ ಶಾಲೆ ತೆರೆದದ್ದಕ್ಕೆ ಅವರ ಜಾತಿಯವರೇ ಬಹಿಷ್ಕಾರ ಹಾಕಿದರು. ಹಿಂದೆ ಸರಿಯಲಿಲ್ಲ. ತಮ್ಮ ಶಾಲೆಯಲ್ಲಿ ಓದಿದ ಮಕ್ಕಳು ದೊಡ್ಡವರಾಗಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅಂತ ಆಸೆಪಟ್ಟವರು ಅವರು. ಊರು ಕಲಿಸಿದ್ದು ಇದಕ್ಕೆ ಪೂರ್ತಿ ಉಲ್ಟಾ ಇತ್ತು. ಹಾಗಿದ್ದೂ ಅವರೊಳಗೆ ಏನೋ ಒಪ್ಪಲಿಲ್ಲ. ಆ "ಏನೋ" ನಿಮ್ಮ ಮಗಳಲ್ಲಿರುವುದೇ ಇರಬೇಕು ಅಂತ ನಾನು ನಂಬುತ್ತೇನೆ. ಅವರು ಆ ಮಕ್ಕಳ ಹತ್ತಿರ ಹೋಗಿ ಅದಕ್ಕೆ ಕೆಲಸ ಕೊಟ್ಟರು.

ನಿಮ್ಮ ಪ್ರಶ್ನೆಯ ಎರಡನೇ ಭಾಗಕ್ಕೂ ಉತ್ತರಿಸಬೇಕು. ಕಾನೂನು ಯಾಕೆ? ಆಳು ನಮ್ಮ ಅಜ್ಜಿಯ ಮನಸ್ಸಾಕ್ಷಿ ಏಳಲಿ ಅಂತ ಕಾಯುತ್ತಾ ಕೂತಿದ್ದರೆ ಅವನ ಆಯುಸ್ಸೇ ಮುಗಿಯುತ್ತಿತ್ತು. ಇನ್ನೊಬ್ಬರೊಳಗೆ ಯಾವಾಗಲೋ ಮೂಡುವ ಪಶ್ಚಾತ್ತಾಪಕ್ಕೆ ಅವನ ನೀರಿನ ಲೋಟವನ್ನು ಒತ್ತೆ ಇಡಬಾರದು.

ಮಗಳು ಇರುವೆಗಾಗಿ ಅತ್ತಾಗ ನಗಬೇಡಿ, ಸುಮ್ನಿರು ಅನ್ನಬೇಡಿ. ನಿಮ್ಮ ಬೀದಿ ಗುಡಿಸಲು ಬರುವವರ ಹೆಸರು ಅವಳಿಗೆ ಗೊತ್ತಿದೆಯಾ, ಕೇಳಿ ನೋಡಿ. ಗೊತ್ತಿಲ್ಲದಿದ್ದರೆ ನಾಳೆ ಬೆಳಿಗ್ಗೆ ಅವಳ ಕೈ ಹಿಡಿದು ಗೇಟಿನ ಹತ್ತಿರ ಹೋಗಿ.

ಆ ಭಾನುವಾರದ ಕತೆ ಅರ್ಧಕ್ಕೆ ನಿಲ್ಲಿಸಿದ್ದೆ. ಸೋಮವಾರ ಆ ಹುಡುಗ ಶಾಲೆಗೆ ಬಂದ. ನನ್ನ ಪಕ್ಕ ಜಾಗ ಖಾಲಿ ಇತ್ತು. ಅವನು ಹಿಂದಿನ ಸಾಲಿಗೆ ಹೋಗಿ ಕೂತ. ತಪ್ಪು ಯಾರದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಅವನನ್ನು ಕರೆಯಲಿಲ್ಲ.