ಕೊಡಗಿನಿಂದ ದೆಹಲಿಗೆ ಹೋದವರು

ಕೊಡಗಿನವರು ಸೈನ್ಯದಲ್ಲಿ ಅಷ್ಟು ಮೇಲೆ ಹೋದರು, ರಾಜಕೀಯದಲ್ಲಿ ಯಾಕೆ ದೆಹಲಿ ಮುಟ್ಟಲಿಲ್ಲ ಅಂತ ಕೇಳಿದ್ದೀರಿ. ಮುಟ್ಟಿದವರಿದ್ದಾರೆ. ಸಿ.ಎಂ. ಪೂಣಚ್ಚ.

1956ರವರೆಗೆ ಕೊಡಗು ಬೇರೆಯೇ ರಾಜ್ಯ. ವಿಧಾನಸಭೆಗೆ 24 ಸೀಟು. 1952ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 15 ಬಂತು. ಮೈಸೂರಿನ ಜೊತೆ ಸೇರೋದು ಬೇಡ ಅಂತ ತಕ್ಕಡಿ ಗುರುತಿನಲ್ಲಿ ನಿಂತ ಪಂದ್ಯಂಡ ಬೆಳ್ಯಪ್ಪನವರ ಕಡೆಗೆ 9. ಪೂಣಚ್ಚ ಮುಖ್ಯಮಂತ್ರಿಯಾದರು. ಸಂಪುಟದಲ್ಲಿ ಅವರೂ ಸೇರಿ ಇಬ್ಬರೇ ಮಂತ್ರಿಗಳು. ಅರ್ಜಿ ಹಿಡಿದವನು ಮಡಿಕೇರಿಗೆ ಹೋದರೆ ಸರ್ಕಾರವೇ ಎದುರಿಗೆ ಸಿಗುತ್ತಿತ್ತು. ಮೈಸೂರಿಗೆ ಸೇರಿದರೆ ಸರ್ಕಾರ ದೂರವಾಗುತ್ತೆ ಅನ್ನುವ ತಕ್ಕಡಿಯವರ ಅಳುಕು ಸುಮ್ನೆ ಹುಟ್ಟಿದ್ದಲ್ಲ.

1956ರ ನವೆಂಬರ್ 1ಕ್ಕೆ ಕೊಡಗು ಜಿಲ್ಲೆಯಾಯಿತು. ಪೂಣಚ್ಚ ಮೈಸೂರು ರಾಜ್ಯದಲ್ಲಿ ಮಂತ್ರಿಯಾದರು, ಆಮೇಲೆ ದೆಹಲಿ. 1967ರಲ್ಲಿ ಲೋಕಸಭೆಗೆ ಗೆದ್ದಿದ್ದು ಮಂಗಳೂರಿನಿಂದ, ರೈಲ್ವೆ ಮಂತ್ರಿಯೂ ಆದರು. ಮುಂದೆ ಮಧ್ಯಪ್ರದೇಶ, ಒಡಿಶಾಗಳ ರಾಜ್ಯಪಾಲರು. ಆಗ ನಾವು ಕೊಡಗಿನವರು ಮಂಗಳೂರು ಕ್ಷೇತ್ರದಲ್ಲಿದ್ದೆವು. ಸಂಪಾಜೆ ಘಾಟಿ ಇಳಿದು ಕರಾವಳಿಯವರ ಓಟು ಗಳಿಸದೆ ಕೊಡಗಿನವರು ಸಂಸತ್ತಿಗೆ ಹೋಗುವ ಹಾಗಿರಲಿಲ್ಲ. ಘಾಟಿಯ ಕೆಳಗಿನ ಸುಳ್ಯದ ಕಡೆಯ ಸದಾನಂದ ಗೌಡರನ್ನು 2004ರಲ್ಲಿ ಆರಿಸಿದ್ದೂ ಇದೇ ಕ್ಷೇತ್ರ. ಅವರು 2011ರಲ್ಲಿ ಮುಖ್ಯಮಂತ್ರಿಯಾದರು. 2014ರಲ್ಲಿ ಬೆಂಗಳೂರು ಉತ್ತರದಿಂದ ಗೆದ್ದು ಅವರೂ ರೈಲ್ವೆ ಮಂತ್ರಿಯಾದರು. ಕೊಡಗಿನಲ್ಲಿ ಇವತ್ತಿಗೂ ಹಳಿ ಇಲ್ಲ. ಕಾಡು ಸೀಳಿ ಬರುವ ಹಳಿ ನನಗಂತೂ ಬೇಡ.

ಬೆಂಗಳೂರು, ದೆಹಲಿ ಎರಡೂ ಕಡೆ ಓಡಾಡಿ ಗೊತ್ತಿರುವವರು ನಮಗೆ ಯಾಕೆ ಬೇಕು ಗೊತ್ತಾ? ವಿರಾಜಪೇಟೆಯ ಒಬ್ಬ ಬೆಳೆಗಾರರನ್ನೇ ತಗೊಳ್ಳಿ. ತೋಟ ಜಮ್ಮಾ ಬಾಣೆ, ಅಂದರೆ ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿಯ ಜಮೀನು. ಅದರ ಆರ್‌ಟಿಸಿ ಸರಿಯಾಗಬೇಕಾದರೆ ಬೆಂಗಳೂರಿನ ಕಂದಾಯ ಇಲಾಖೆ. ತೋಟಕ್ಕೆ ಆನೆ ನುಗ್ಗಿದರೆ ಪರಿಹಾರ ರಾಜ್ಯದ ಅರಣ್ಯ ಇಲಾಖೆಯದು. ಅದೇ ತೋಟದ ಕಾಫಿಗೆ ಕಾಫಿ ಬೋರ್ಡು, ಅದು ಕೇಂದ್ರದ್ದು. ಕೈಲ್‌ಪೊಳ್ದ್ ಅನ್ನುವ ನಮ್ಮ ಆಯುಧಪೂಜೆಯ ಹಬ್ಬದ ದಿನ ಹೂವಿಟ್ಟು ಪೂಜೆ ಮಾಡುವ ಕೋವಿಗೆ ಲೈಸೆನ್ಸ್ ಬೇಡ ಅನ್ನುವ ವಿನಾಯಿತಿಯೂ ದೆಹಲಿಯದೇ. ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಒಂದೇ ಮನೆ, ಕೆಲಸ ಎರಡು ಸರ್ಕಾರಗಳಲ್ಲಿ. ಬೆಂಗಳೂರಿನಲ್ಲಿ ಕೇಳಿದರೆ ದೆಹಲಿ ಅಂತಾರೆ, ದೆಹಲಿಯಲ್ಲಿ ಕೇಳಿದರೆ ಬೆಂಗಳೂರು ಅಂತಾರೆ. ಯಾವ ಕಾಗದ ಯಾರ ಮೇಜಿನ ಮೇಲಿದೆ ಅಂತ ಗೊತ್ತಿರುವ ಒಬ್ಬರಿದ್ದರೆ ಎಷ್ಟು ವ್ಯತ್ಯಾಸ ಆಗುತ್ತೆ, ಅಲ್ವಾ?

ಅಂಥವರು ನಮ್ಮೊಳಗಿಂದ ಬರೋದು ಈಗ ಇನ್ನೂ ಕಷ್ಟ. 2008ರಲ್ಲಿ ಕ್ಷೇತ್ರಗಳನ್ನು ಮತ್ತೆ ಹಂಚಿದಾಗ ಸೋಮವಾರಪೇಟೆ ವಿಧಾನಸಭಾ ಕ್ಷೇತ್ರ ಹೋಯಿತು. ಮಡಿಕೇರಿ, ವಿರಾಜಪೇಟೆ ಎರಡೇ ಉಳಿದವು. ಲೋಕಸಭೆಗೆ ನಮ್ಮನ್ನು ಮೈಸೂರಿಗೆ ಸೇರಿಸಿದರು. ಅಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳು, ಆರು ಮೈಸೂರಿನ ಕಡೆಯವು. ಟಿಕೆಟ್ ಹಂಚುವವರು ಲೆಕ್ಕ ಹಾಕುವಾಗ ನಮ್ಮ ಎರಡು ಯಾರ ಕಣ್ಣಿಗೆ ಬೀಳಬೇಕು?

ನಮ್ಮಲ್ಲಿ ಯೋಗ್ಯತೆ ಇರುವವರು ಕಡಿಮೆ ಅಂತ ಮಾತ್ರ ಅಂದುಕೊಳ್ಳಬೇಡಿ. ಕಡಿಮೆ ಇರೋದು ಓಟು.