ಬೆಳಗಿನ ಜಾವದ ಮರೆವು: ಅರಳುಮರಳೋ, ಮೂರ್ಛೆಯೋ?

ಪ್ರಶ್ನೆ: ನಮ್ಮ ಮಾವನವರಿಗೆ 67 ವರ್ಷ, ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಒಂದು ವರ್ಷದಿಂದ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಬೆಳಿಗ್ಗೆ ಎದ್ದ ಕೂಡಲೇ, “ಇವತ್ತು ಯಾವ ವಾರ? ನಾವು ಈ ಮನೆಗೆ ಯಾವಾಗ ಬಂದೆವು?” ಎಂದು ಕೇಳಿದ್ದನ್ನೇ ಕೇಳುತ್ತಾರೆ. ನಮ್ಮೆಲ್ಲರ ಗುರುತು ಸಿಗುತ್ತದೆ, ಹಲ್ಲುಜ್ಜಿ ಕಾಫಿಯನ್ನೂ ಕುಡಿಯುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಸರಿಹೋಗುತ್ತಾರೆ, ಆದರೆ ಆ ಹೊತ್ತಿನಲ್ಲಿ ನಡೆದದ್ದೇನೂ ನೆನಪಿರುವುದಿಲ್ಲ. ಎರಡು ಸಲ, ಏಳುವಾಗ ಏನೋ ಸುಟ್ಟ ವಾಸನೆ ಬಂತು ಎಂದಿದ್ದಾರೆ. ಮೂರು ವರ್ಷದ ಹಿಂದೆ ತಾವೇ ಮುಂದೆ ನಿಂತು ನಡೆಸಿದ ಮೊಮ್ಮಗನ ಉಪನಯನವೂ ಅವರಿಗೆ ಪೂರ್ತಿ ಮರೆತುಹೋಗಿದೆ. ನೆನಪಿನ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿದೆ, ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ನಾರ್ಮಲ್. ಆದರೂ ನರರೋಗ ತಜ್ಞರು ಫಿಟ್ಸ್ ಮಾತ್ರೆ ಬರೆದಿದ್ದಾರೆ. ಮೈ ನಡುಗದೆ, ಪ್ರಜ್ಞೆ ತಪ್ಪದೆ ಫಿಟ್ಸ್ ಬರುತ್ತದೆಯೇ? ನೆಂಟರೆಲ್ಲ ಇದು ಅರಳುಮರಳಿನ ಆರಂಭ ಎನ್ನುತ್ತಿದ್ದಾರೆ.
— ಹೆಸರು ಬೇಡ, ಶಿರಸಿ

ಉತ್ತರ: ಬರುತ್ತದೆ. ವಯಸ್ಸಾದವರಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಮೂರ್ಛೆ ರೋಗವು ಕೈಕಾಲು ಸೆಟೆದು ನೊರೆ ಬರುವ ರೂಪದಲ್ಲಿಯೇ ಇರಬೇಕೆಂದಿಲ್ಲ. ಹಲವರಲ್ಲಿ ಅದು ಕೆಲ ಹೊತ್ತಿನ ಗೊಂದಲ, ದಿಟ್ಟಿಸಿ ನೋಡುತ್ತ ಕೂರುವುದು, ಅಥವಾ ನಿಮ್ಮ ಮಾವನವರಂತೆ ಬರೀ ಮರೆವಾಗಿ ಬರುತ್ತದೆ. ನೀವು ಬರೆದಿರುವ ಚಿತ್ರವು ಟ್ರಾನ್ಸಿಯೆಂಟ್ ಎಪಿಲೆಪ್ಟಿಕ್ ಅಮ್ನೇಸಿಯಾ, ಅಂದರೆ ಮೂರ್ಛೆಯಿಂದಾಗುವ ತಾತ್ಕಾಲಿಕ ಮರೆವು, ಎಂಬ ಕಾಯಿಲೆಗೆ ಬಹುಮಟ್ಟಿಗೆ ಹೊಂದುತ್ತದೆ. ಬ್ರಿಟನ್ನಿನ ಆ್ಯಡಮ್ ಝೆಮನ್ ಮತ್ತು ಸಂಗಡಿಗರು 1998ರಲ್ಲಿ ಇದನ್ನು ಗುರುತಿಸುವ ಮಾನದಂಡಗಳನ್ನು ನಿಗದಿಪಡಿಸಿದರು. 2007ರಲ್ಲಿ ಇಂತಹ 50 ರೋಗಿಗಳ ಅಧ್ಯಯನ ಪ್ರಕಟವಾದಾಗ, ಕಾಯಿಲೆ ಆರಂಭವಾಗುವ ಸರಾಸರಿ ವಯಸ್ಸು 62ರ ಆಸುಪಾಸು, ಗಂಡಸರೇ ಹೆಚ್ಚು, ಅರ್ಧದಿಂದ ಒಂದು ಗಂಟೆಯ ಅವಧಿ, ಮುಖ್ಯವಾಗಿ ನಿದ್ದೆಯಿಂದ ಎದ್ದಾಗಲೇ ಬರುವುದು ಎಂಬ ಅಂಶಗಳು ಸ್ಪಷ್ಟವಾದವು. ಇಲ್ಲದ ವಾಸನೆ ಮೂಗಿಗೆ ಬರುವುದೂ ಅವರಲ್ಲಿ ಹಲವರಿಗೆ ಇತ್ತು. ಕಿವಿಯ ನೇರಕ್ಕೆ ಮೆದುಳಿನ ಒಳಮಗ್ಗುಲಲ್ಲಿ, ಹೊಸ ನೆನಪನ್ನು ದಾಖಲಿಸುವ ಹಿಪ್ಪೊಕ್ಯಾಂಪಸ್ ಮತ್ತು ವಾಸನೆಯನ್ನು ಗ್ರಹಿಸುವ ಭಾಗ ಅಕ್ಕಪಕ್ಕದಲ್ಲಿಯೇ ಇರುವುದರಿಂದ ಇವೆರಡೂ ಜೊತೆಯಾಗಿ ಬರುವುದು ಸಹಜ.

ಇಇಜಿ ನಾರ್ಮಲ್ ಬಂದಿದೆ ಎಂಬ ಒಂದೇ ಕಾರಣಕ್ಕೆ ತಜ್ಞರ ಮಾತನ್ನು ಅನುಮಾನಿಸಬೇಡಿ. ಎಚ್ಚರದಲ್ಲಿ ಅರ್ಧ ಗಂಟೆ ತೆಗೆದ ದಾಖಲೆಯಲ್ಲಿ ಈ ತೊಂದರೆ ಅನೇಕ ಬಾರಿ ಸಿಕ್ಕುವುದಿಲ್ಲ. ರಾತ್ರಿ ನಿದ್ದೆಗೆಡಿಸಿ, ಮರುದಿನ ನಿದ್ದೆ ಬಂದಾಗ ತೆಗೆದರೆ ಸಿಕ್ಕುವ ಸಾಧ್ಯತೆ ಹೆಚ್ಚು. ಅದಕ್ಕಿಂತ ಬೆಲೆಯುಳ್ಳದ್ದು ನೀವು ಕಣ್ಣಾರೆ ಕಂಡದ್ದು. ಮುಂದಿನ ಬಾರಿ ಬಂದಾಗ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ, ತುಟಿ ಚಪ್ಪರಿಸುತ್ತಾರೆಯೇ, ಉಗುಳು ನುಂಗುತ್ತಲೇ ಇರುತ್ತಾರೆಯೇ ಎಂದು ನೋಡಿ. ಅವರಿಗೆ ಸಕ್ಕರೆ ಕಾಯಿಲೆಯಿದ್ದು ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಗಳಿಗೆಯಲ್ಲಿಯೇ ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡುವುದು ಕಡ್ಡಾಯ, ಏಕೆಂದರೆ ಬೆಳಗಿನ ಜಾವ ಸಕ್ಕರೆ ಇಳಿದಾಗಲೂ ಇಂತಹ ಗೊಂದಲ ಆಗಬಹುದು. ಎಂಆರ್‌ಐ ಆಗಿಲ್ಲವಾದರೆ ಮಾಡಿಸಿ. ಇಳಿವಯಸ್ಸಿನಲ್ಲಿ ಮೂರ್ಛೆ ಹೊಸದಾಗಿ ಬಂದಾಗ ಹಳೆಯ ಪಾರ್ಶ್ವವಾಯು, ಗೆಡ್ಡೆ ಇವುಗಳನ್ನು ಹುಡುಕಲೇಬೇಕು.

ಇನ್ನು ಉಪನಯನದ ವಿಷಯ. ನೆಂಟರು ಅರಳುಮರಳು ಎನ್ನುವುದಕ್ಕೆ ಇದೇ ಕಾರಣವಿರಬೇಕು, ಆದರೆ ಇದು ಬೇರೆ ಬಗೆಯ ಮರೆವು. ಅರಳುಮರಳು ತರುವ ಆಲ್ಜೈಮರ್ ಕಾಯಿಲೆಯ ಆರಂಭದಲ್ಲಿ ಸಾಮಾನ್ಯವಾಗಿ ಈಗಷ್ಟೇ ಹೇಳಿದ ಮಾತು ಹತ್ತು ನಿಮಿಷದಲ್ಲಿ ಹೋಗುತ್ತದೆ. ಮೂರ್ಛೆಯಿಂದಾಗುವ ಮರೆವಿನಲ್ಲಾದರೋ ಅರ್ಧ ಗಂಟೆಯ ನಂತರ ಕೇಳಿದರೂ ಸರಿಯಾಗಿ ಹೇಳುತ್ತಾರೆ, ಆದ್ದರಿಂದಲೇ ಆಸ್ಪತ್ರೆಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬರುತ್ತದೆ. ಆದರೆ ಕೆಲವು ದಿನ ಅಥವಾ ವಾರಗಳಲ್ಲಿ ಅದೇ ನೆನಪು ಬೇರೆಯವರಿಗಿಂತ ಬೇಗ ಅಳಿಸಿಹೋಗುತ್ತದೆ. ಇದರ ಜೊತೆಗೆ, ಕಾಯಿಲೆ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ವರ್ಷ ಹಿಂದಿನ ಮದುವೆ, ಮುಂಜಿ, ಯಾತ್ರೆಗಳ ನೆನಪೂ ಹೋಗಿರಬಹುದು; ಪರಿಚಿತ ಊರಿನಲ್ಲಿ ದಾರಿ ತಪ್ಪುವವರೂ ಇದ್ದಾರೆ. ಫೋಟೊ ತೋರಿಸಿ “ಇದೂ ನೆನಪಿಲ್ಲವೇ?” ಎಂದು ಅವರನ್ನು ಪರೀಕ್ಷಿಸುವುದನ್ನು ದಯವಿಟ್ಟು ನಿಲ್ಲಿಸಿ. ಜೀವನವಿಡೀ ಪಾಠ ಹೇಳಿದವರಿಗೆ ಅದು ಅವಮಾನ.

ಮಾತ್ರೆ ಶುರು ಮಾಡಿ. ಲೆವೆಟಿರಸೆಟಮ್ ಅಥವಾ ಲ್ಯಾಮೊಟ್ರಿಜಿನ್‌ನಂತಹ ಔಷಧಿ ಸಣ್ಣ ಪ್ರಮಾಣದಲ್ಲಿಯೇ ಬಹುಪಾಲು ಮಂದಿಯಲ್ಲಿ ಈ ಬೆಳಗಿನ ಪ್ರಸಂಗಗಳನ್ನು ನಿಲ್ಲಿಸುತ್ತದೆ. ಹೋದ ನೆನಪು ಮಾತ್ರ ಸಾಮಾನ್ಯವಾಗಿ ಮರಳುವುದಿಲ್ಲ, ಇದನ್ನು ಮೊದಲೇ ತಿಳಿದಿದ್ದರೆ ಮುಂದೆ ಮಾತ್ರೆಯನ್ನು ದೂಷಿಸುವುದು ತಪ್ಪುತ್ತದೆ. ಲೆವೆಟಿರಸೆಟಮ್‌ನಿಂದ ಸಿಡುಕು ಹೆಚ್ಚಬಹುದು. ಲ್ಯಾಮೊಟ್ರಿಜಿನ್ ಪ್ರಮಾಣವನ್ನು ನಿಧಾನವಾಗಿ ಏರಿಸಬೇಕು, ಮೈಮೇಲೆ ದದ್ದು ಎದ್ದರೆ ತಕ್ಷಣ ವೈದ್ಯರಿಗೆ ತೋರಿಸಬೇಕು. ಯಾವುದನ್ನೂ ತಾವಾಗಿಯೇ ಥಟ್ಟನೆ ಬಿಡಬಾರದು. ನಿದ್ದೆಗೆಡುವುದು ಮೂರ್ಛೆಗೆ ದಾರಿ ಮಾಡಿಕೊಡುವುದರಿಂದ, ನಿಮ್ಮ ಸೀಮೆಯಲ್ಲಿ ಹೇಳುವುದು ಕಷ್ಟವಾದರೂ, ಬೆಳಗಿನವರೆಗೆ ನಡೆಯುವ ಯಕ್ಷಗಾನ ಸದ್ಯಕ್ಕೆ ಬೇಡ. ಒಬ್ಬರೇ ಕೆರೆಗೋ ಹೊಳೆಗೋ ಈಜಲು ಇಳಿಯುವುದೂ, ವಾಹನ ಚಲಾಯಿಸುವುದೂ ಬೇಡ. ಚಾಲನಾ ಪರವಾನಗಿಯ ಫಾರಂ 1ರಲ್ಲಿ ಮೂರ್ಛೆ ರೋಗವಿದೆಯೇ ಎಂದು ನೇರವಾಗಿಯೇ ಕೇಳಿದ್ದಾರೆ.

ಪ್ರಶ್ನೆ: ನಮ್ಮ ತಾಯಿಗೆ 64 ವರ್ಷ. ಹೋದ ತಿಂಗಳು ತಣ್ಣೀರಿನಲ್ಲಿ ಸ್ನಾನ ಮಾಡಿ ಬಂದವರು ಸುಮಾರು ಐದು ಗಂಟೆ ಕಾಲ “ನಾನು ಇಲ್ಲಿ ಏನು ಮಾಡುತ್ತಿದ್ದೆ?” ಎಂದೇ ಕೇಳುತ್ತಿದ್ದರು. ಸಂಜೆಗೆ ಸರಿಹೋದರು, ಮತ್ತೆ ಬಂದಿಲ್ಲ. ಸ್ಕ್ಯಾನ್ ಸರಿಯಿದೆ. ಅವರಿಗೂ ಫಿಟ್ಸ್ ಮಾತ್ರೆ ಬೇಕೇ?
— ಓದುಗರು, ಹಾಸನ

ಉತ್ತರ: ಬಹುಶಃ ಬೇಡ. ಒಂದೇ ಒಂದು ಬಾರಿ ಬಂದು, ಹಲವು ಗಂಟೆ ಇದ್ದು, 24 ಗಂಟೆಯೊಳಗೆ ಪೂರ್ತಿ ಸರಿಹೋಗುವ ಇಂತಹ ಮರೆವಿಗೆ ಟ್ರಾನ್ಸಿಯೆಂಟ್ ಗ್ಲೋಬಲ್ ಅಮ್ನೇಸಿಯಾ ಎನ್ನುತ್ತಾರೆ. ತಣ್ಣೀರು, ವಿಪರೀತ ಶ್ರಮ, ದುಃಖದ ಸುದ್ದಿ ಇವುಗಳ ಬೆನ್ನಿಗೆ ಅದು ಬರುವುದುಂಟು. ಹೆಚ್ಚಿನವರಿಗೆ ಮತ್ತೆ ಬರುವುದಿಲ್ಲ, ಔಷಧಿಯೂ ಬೇಕಾಗುವುದಿಲ್ಲ. ಆದರೆ ಮರೆವಿನ ಜೊತೆ ಮಾತು ತೊದಲಿದರೆ, ಕೈ ಸೋತರೆ, ಅದು ಪಾರ್ಶ್ವವಾಯುವಿನ ಲಕ್ಷಣ, ಸಂಜೆಯವರೆಗೆ ಕಾಯಬಾರದು. ಇನ್ನೊಮ್ಮೆ, ಅದರಲ್ಲಿಯೂ ನಿದ್ದೆಯಿಂದೆದ್ದಾಗ, ಒಂದು ಗಂಟೆಗಿಂತ ಕಡಿಮೆ ಹೊತ್ತು ಬಂದರೆ ಈ ಪ್ರಶ್ನೆಯನ್ನು ನಿಮ್ಮ ವೈದ್ಯರ ಬಳಿ ಮತ್ತೆ ಎತ್ತಿ.